ಎರಡೆಳೆ ಚೀಸು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿತ್ತು ಎಂದು ಪಾಂಡವಪುರದಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅವರ ತಲೆ ಸರಿಯಾಗಿಯೇ ಇತ್ತು. ಅವರ ಜೊತೆ ಒಂದು ಗಳಿಗೆ ಕುಳಿತು ಎದ್ದವರ ತಲೆ ಕೆಡುತ್ತಿತ್ತು, ಅಷ್ಟೆ! ತೊಂಬತ್ತರ ದಶಕದ ನನ್ನ ಎಷ್ಟೋ ಭಾನುವಾರಗಳು ಅವರ ಜಗಲಿಯ ಮೇಲೇ ಕಳೆದಿವೆ. ಆದ್ದರಿಂದ ಈ ಬರಹದಲ್ಲಿ ಎಲ್ಲಾದರೂ ಗೊಂದಲ ಕಂಡರೆ ಅದು ನನ್ನ ಸ್ವಂತದ್ದಲ್ಲ, ಮಾವನ ಮನೆಯಿಂದ ಅಂಟಿಕೊಂಡು ಬಂದದ್ದು ಎಂದು ತಿಳಿದು ಮುಂದಕ್ಕೆ ಓದಿ.

ಬೆಳಗ್ಗೆ ಸಂಜೆ ಹಾಲಿನ ಕ್ಯಾನು ಹಿಡಿದು ಡೈರಿಯ ಮುಂದೆ ಸಾಲು ನಿಲ್ಲುವ ಜನ ನಮ್ಮವರು. ಅಂಥವರ ನಡುವೆ, ಹಿತ್ತಿಲಲ್ಲಿ ಕರೆಯುವ ಹಸು ಕಟ್ಟಿಕೊಂಡಿದ್ದೂ, ಒಂದು ತೊಟ್ಟು ಹಾಲನ್ನೂ ಹಾಕದೆ ಚೀಸು ಮಾಡುತ್ತೇನೆಂದು ಹೊರಟರು ನಮ್ಮ ಮಾವ. ಚೀಸು ಸ್ವಾಮಿ, ಚೀಸು! ಆ ಬೀದಿಯ ಜನ ಬೆಣ್ಣೆ ಕಂಡಿದ್ದರು, ಗಿಣ್ಣು ಕಂಡಿದ್ದರು, ಚೀಸಿನ ಮುಖ ಕಂಡಿರಲಿಲ್ಲ. ಅಸಲನ್ನೇ ನೋಡದ ಊರಿನಲ್ಲಿ ನಕಲು ತಯಾರಿಸುವ ಧೈರ್ಯ ಇನ್ಯಾರಿಗೆ ಬರಬೇಕು?

ಇದಕ್ಕೆಲ್ಲ ಕಾರಣ ನಮ್ಮ ಅತ್ತೆಯ ಹೊಟ್ಟೆ. ಅತ್ತೆ ಬಾಯಿ ಬಿಟ್ಟು ಏನನ್ನೂ ಕೇಳಿದವರಲ್ಲ. ಯಾವ ಸೀರೆ ಬೇಕು ಎಂದರೆ "ಯಾವ್ದಾರ ಆಯ್ತದೆ" ಎನ್ನುವರು. ಊಟಕ್ಕೇನು ಮಾಡೋಣ ಎಂದರೆ "ಅವ್ರ್ಗೇನ್ ಬೇಕು ಕೇಳು" ಎನ್ನುವರು. ಅಂಥವರು ಮೈಸೂರಿನ ಮಗಳ ಮನೆಗೆ ಹೋದಾಗ, ಮಗಳು ಬ್ರೆಡ್ಡಿನ ಮೇಲೆ ಚೀಸು ತುರಿದು, ಕಾವಲಿಯ ಮೇಲಿಟ್ಟು ಕೊಟ್ಟಳಂತೆ. ಅತ್ತೆ ಕಚ್ಚಿ ಎಳೆದರೆ ಕೈಗೂ ಬಾಯಿಗೂ ನಡುವೆ ಉದ್ದಕ್ಕೆ ಎಳೆ ಬಂತಂತೆ. ಚಿಕ್ಕ ಹುಡುಗಿಯ ಹಾಗೆ ನಕ್ಕುಬಿಟ್ಟರಂತೆ ಅತ್ತೆ! ಆಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದೂ ಅಷ್ಟೇ ನಿಜ. ಬಹಳ ದಿನದಿಂದ ಹಾಲು, ಮಜ್ಜಿಗೆ ಏನು ಕುಡಿದರೂ ಹೊಟ್ಟೆ ಉಬ್ಬರಿಸುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ನನಗೆ ಶ್ರೀರಂಗಪಟ್ಟಣದಲ್ಲಿ ಕೆಲಸವಿದ್ದದ್ದರಿಂದ ಅಲ್ಲಿನ ಡಾಕ್ಟರ ಹತ್ತಿರ ಮಾವ ಅತ್ತೆ ಇಬ್ಬರನ್ನೂ ನಾನೇ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, ಹಾಲು ಮತ್ತು ಹಾಲಿನಿಂದ ಆದದ್ದು ಯಾವುದನ್ನೂ ಇನ್ನು ಮುಟ್ಟಬೇಡಿ ಎಂದುಬಿಟ್ಟರು. ಕಾಫಿ ಹೋಯಿತು, ಮೊಸರು ಹೋಯಿತು, ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು. ವಾಪಸು ಬರುವಾಗ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡು ಮೆಲ್ಲಗೆ ಕೇಳಿದರು: "ಆ ಬ್ರೆಡ್ಡಿನ್ ಮ್ಯಾಲೆ ಎಳೆ ಬತ್ತಿತ್ತಲ್ಲ… ಅದ್ನೂ ತಿನ್ನಂಗಿಲ್ವಾ?"

ಹೆಂಡತಿ ಜೀವಮಾನದಲ್ಲಿ ಮೊದಲ ಸಲ ಒಂದು ಪದಾರ್ಥದ ಮೇಲೆ ಆಸೆ ತೋರಿಸಿದ್ದಾಳೆ! ಮಾವ ಸೀಟಿನಲ್ಲೇ ನೆಟ್ಟಗೆ ಕುಳಿತರು. "ಅದೇನ್ ಬ್ರಹ್ಮವಿದ್ಯೆ ಬುಡೆ. ಹಾಲಾಕ್ದೆ ನಾನೇ ಮಾಡಿ ತಿನ್ನುಸ್ತೀನಿ. ಎಳೆ ಬರ್ಸದು ನಂಗೇಳ್ಕೊಡ್ಬೇಕಾ?"

ಈ ಎಳೆಯ ಜಂಬಕ್ಕೆ ಹಿನ್ನೆಲೆ ಉಂಟು. ಮಾವ ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕಾಯಿಸುವ ಕಡೆ ದುಡಿದು ನಿವೃತ್ತರಾದವರು. ಬಿಸಿ ಪಾಕವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆದು, ಇದು ಒಂದೆಳೆ, ಇದು ಎರಡೆಳೆ ಎಂದು ಹೇಳುವುದು ಅವರಿಗೆ ರಕ್ತಗತ. ಪಾಯಸವನ್ನೂ ಎಳೆದು ನೋಡಿಯೇ ಬಾಯಿಗೆ ಹಾಕುತ್ತಿದ್ದರು. ಒಮ್ಮೆ ನನ್ನ ಕೈಯಲ್ಲಿದ್ದ ಕೆಮ್ಮಿನ ಔಷಧವನ್ನು ಎಳೆದು ನೋಡಿ, "ಇನ್ನೂ ಬೇಯ್ಬೇಕಿತ್ತು ಕಣಳಿಯ" ಎಂದಿದ್ದರು.

ಹೋಲಿಸಿ ನೋಡಲು ಅಸಲು ಬೇಕಲ್ಲ? ಮೈಸೂರಿನಿಂದ ಒಂದು ಡಬ್ಬ ಚೀಸು ಬಂತು. ಫ್ರಿಜ್ಜಿಲ್ಲದ ಮನೆ. ಒದ್ದೆ ಮರಳಿನ ಮೇಲೆ ಮಡಕೆ, ಮಡಕೆಯೊಳಗೆ ಡಬ್ಬ! ಭಾನುವಾರ ಜಗಲಿಯ ಮೇಲೆ ಪಂಚಾಯಿತಿ ಸೇರಿತು. ಎದುರುಮನೆಯ ಡೈರಿ ಸೆಕ್ರೆಟರಿ, ಕೆ.ಆರ್. ಪೇಟೆಯಿಂದ ಬಂದಿದ್ದ ಬೀಗರು, ಮತ್ತು ನಾನು. ಒಬ್ಬೊಬ್ಬರ ಅಂಗೈಗೂ ಮಾವ ಪ್ರಸಾದದ ಹಾಗೆ ಒಂದೊಂದು ಚೂರು ಹಾಕಿದರು.

ಸೆಕ್ರೆಟರಿ ಬಾಯಿಗಿಟ್ಟು ಕಣ್ಣು ಮುಚ್ಚಿದ. "ಅಣ್ಣೋ, ಇದು ಕೆಟ್ಟೋಗದೆ ಕಣಣ್ಣೋ."

"ಕೆಟ್ಟಿಲ್ಲ ಕಣ್ಲಾ, ಅದಿರೋದೇ ಅಂಗೆ."

"ಅಂಗಾರೆ ಕೆಟ್ಟಾಗ ಎಂಗಿರ್ತದೆ?"

ಮಾವ ಬೀಗರ ಕಡೆ ತಿರುಗಿದರು. ಬೀಗರು ಮಾತ್ರ ಬೀಗರಾದ ಕಾರಣಕ್ಕೆ ನುಂಗಿ, "ಚೆಂದಾಗದೆ, ಬಟ್ಟೆ ಸೋಪಿನ್ ತರ ನೊರೆ ಬರ್ನಿಲ್ಲ" ಎಂದು ಹೊಗಳಿದರು. ಹೊಸ ತೊಡಕು ಹುಟ್ಟಿದ್ದು ಅಲ್ಲಿಯೇ. ಅಸಲಿನ ರುಚಿಯೇ ಇವರಿಗೆ ಕೆಟ್ಟದ್ದಾದರೆ, ನಕಲು ಚೆನ್ನಾಗಿದೆ ಎಂದಾಗ ಸಂತೋಷಪಡಬೇಕೇ, ಚೆನ್ನಾಗಿಲ್ಲ ಎಂದಾಗ ಸಂತೋಷಪಡಬೇಕೇ? ಮಾವ ಬಹಳ ಹೊತ್ತು ಯೋಚಿಸಿ ತೀರ್ಮಾನ ಕೊಟ್ಟರು: "ನೀವು ಥೂ ಅನ್ಬೇಕು, ಆದ್ರೆ ಉಗೀಬಾರ್ದು. ಅಂಗಾದ್ರೆ ಸರ್ಯಾಗಿ ಬಂದದೆ ಅಂತ ಲೆಕ್ಕ." ಇಂಥ ನಿಯಮ ಯಾವ ಸ್ಪರ್ಧೆಯಲ್ಲಾದರೂ ಇದ್ದದ್ದು ನಿಮಗೆ ಗೊತ್ತೇ?

ಮೊದಲ ಸರದಿ ಕಡಲೆಕಾಯಿಯದು. ನಾಗಮಂಗಲದ ಕಡೆಯ ಕಡಲೆಕಾಯಿಯೇ ಆಗಬೇಕೆಂದು ಹಟ ಹಿಡಿದು, ಬಸ್ಸಿನಲ್ಲಿ ಹೋಗಿ ಚೀಲ ಹೊತ್ತು ತಂದರು. ಅತ್ತೆ ನೆನೆಸಿ, ರುಬ್ಬಿ, ಹಿಂಡಿ ಹಾಲು ತೆಗೆದರು. ಸುದ್ದಿ ತಿಳಿದ ಸೆಕ್ರೆಟರಿ ಉರಿದುಕೊಂಡು ಬಂದ. "ಹಸೀನ ಹಾಲ್ಗೆ ಇನ್ನೇನ್ ಮರ್ಯಾದೆ ಉಳೀತು?" ಎನ್ನುತ್ತ, ಡೈರಿಯಲ್ಲಿ ಹಾಲು ಅಳೆಯುವ ಲ್ಯಾಕ್ಟೋಮೀಟರನ್ನು ಜೇಬಿನಿಂದ ತೆಗೆದು ಆ ಪಾತ್ರೆಯಲ್ಲಿ ಇಳಿಬಿಟ್ಟ. ಅಭ್ಯಾಸಬಲ ನೋಡಿ! ಬಗ್ಗಿ ನೋಡಿದ, ಹುಬ್ಬು ಗಂಟಿಕ್ಕಿದ, ಗಂಭೀರವಾಗಿ ಹೇಳಿದ: "ಅಣ್ಣ, ಇದ್ಕೆ ನೀರ್ ಬೆರ್ಸಿದ್ದೀರಿ. ತಗಳಕಾಗಕಿಲ್ಲ."

"ಯಾವನ್ಲಾ ಡೈರಿಗಾಕ್ತೀನಿ ಅಂದೋನು?" ಎಂದು ಮಾವ ಗುಡುಗಿದರು.

ಆ ಹಾಲು ಕುದಿಸಿ, ನಿಂಬೆಹುಳಿ ಹಿಂಡಿ, ಒಡೆದದ್ದನ್ನು ಬಟ್ಟೆಯಲ್ಲಿ ಕಟ್ಟಿ, ಮೇಲೆ ಗುಂಡುಕಲ್ಲು ಹೇರಿದರು. ಮಾರನೆಯ ದಿನಕ್ಕೆ ನೋಡಲು ಭೇಷಾದ ಬಿಳಿ ಗಟ್ಟಿ. ಕಾವಲಿಗೆ ಹಾಕಿದರೆ ಕರಗುವ ಮಾತೇ ಇಲ್ಲ! ಉದುರಿತು, ಕೆಂಪಾಯಿತು, ಘಮ್ಮೆಂದಿತು. ಮಾವ ಬೆರಳಲ್ಲಿ ಎಳೆದು ನೋಡಿ ಮುಖ ಸಣ್ಣದು ಮಾಡಿಕೊಂಡರು. ಬೀಗರು ಒಳಗಿನಿಂದ ಈರುಳ್ಳಿ, ಹಸಿಮೆಣಸಿನಕಾಯಿ ತರಿಸಿ ಕಲಸಿ, ರಾಗಿರೊಟ್ಟಿಯ ಜೊತೆ ಪೂರಾ ಮುಗಿಸಿದರು. ಥೂ ಎನ್ನದೆ ಸೊಗಸಾಗಿದೆ ಎಂದದ್ದರಿಂದ ನಿಯಮದ ಪ್ರಕಾರ ಅದು ಫೇಲಾಯಿತು.

ಆಮೇಲೆ ತೆಂಗಿನಕಾಯಿ. ಹಾಲು ತೆಗೆದು, ಅಕ್ಕಿಹಿಟ್ಟು ಸೇರಿಸಿ, ಕಡುಬಿನ ಹಾಗೆ ಹಬೆಯಲ್ಲಿ ಬೇಯಿಸಿ, ಆರಿಸಿ ಕತ್ತರಿಸಿದರು. ಇದು ಕಾವಲಿಯ ಮೇಲೆ ಕರಗಿತು ನೋಡಿ! ಎಷ್ಟು ಕರಗಿತೆಂದರೆ, ಸುತ್ತ ಎಣ್ಣೆ ಹರಿದು ನಡುವೆ ನಾಲ್ಕು ಹಿಟ್ಟಿನ ಚೂರು ಉಳಿದವು. ಒಲೆಯ ಹತ್ತಿರ ಮಾವ, "ಕರಗ್ತಾ ಇಲ್ವಾ?" ಎಂದು ನಮ್ಮನ್ನೇ ಕೇಳಿದರು. ಕರಗಿದ್ದು ನಿಜ, ಕರಗಿದ ಮೇಲೆ ಚೀಸು ಎಲ್ಲಿ ಹೋಯಿತೆಂಬುದೇ ತಿಳಿಯಲಿಲ್ಲ. ಹಿಟ್ಟಿನ ಚೂರು ನಮ್ಮ ಪಾಲಿಗೆ ಬಂತು. ಎಣ್ಣೆಯನ್ನು ಅತ್ತೆ ಬಟ್ಟಲಿಗೆ ಬಗ್ಗಿಸಿಕೊಂಡು ತಲೆಗೆ ಹಚ್ಚಿಕೊಂಡರು.

ಮೂರನೆಯದು ಸಬ್ಬಕ್ಕಿ. ನೆನೆಸಿ ರುಬ್ಬಿ ಗೊಟಾಯಿಸಿದರೆ ಅಂಟಂಟಾಗಿ ಹೊಳೆಯುವ ಮುದ್ದೆ. ಮಾವ ಬೆರಳಿಗೆ ತೆಗೆದುಕೊಂಡು ಎಳೆದರು. ಎಳೆ ಬಂತು! ಕೈ ಚಾಚಿದರೂ ಕಡಿಯಲಿಲ್ಲ! "ಎರಡೆಳೆ! ಎರಡೆಳೆ ಕಣ್ರಲಾ!" ಎಂದು ಕೂಗಿದ ರಭಸಕ್ಕೆ ಹಿತ್ತಿಲ ಹಸು ಹಗ್ಗ ಜಗ್ಗಿತು. ಸಂಭ್ರಮದಲ್ಲಿ ಮೊದಲ ತುತ್ತು ಬೀಗರಿಗೇ ಸಂದಿತು. ಬೀಗರು ಕಚ್ಚಿದರು, ಆಮೇಲೆ ಬಾಯಿ ತೆರೆಯಲಿಲ್ಲ. ಏನಾಯಿತೆಂದು ಕೇಳಿದರೆ ಕೈಸನ್ನೆ ಮಾಡಿದರು. ಕೊನೆಗೆ ತಂಬಿಗೆ ಬಿಸಿನೀರು ಕೊಟ್ಟಾಗ, ಮೇಲಿನ ಹಲ್ಲುಸೆಟ್ಟೂ ಕೆಳಗಿನ ಹಲ್ಲುಸೆಟ್ಟೂ ಒಂದಕ್ಕೊಂದು ಕಚ್ಚಿಕೊಂಡು ಜೋಡಿಯಾಗಿಯೇ ಈಚೆಗೆ ಬಂದವು.

"ರುಚಿ ಎಂಗದೆ ಬೀಗ್ರೇ?" ಮಾವ ಬಿಡಬೇಕಲ್ಲ!

ಬೀಗರು ಬೋಳು ಬಾಯಲ್ಲಿ ಏನೋ ಹೇಳಿದರು. ಅದು ಥೂ ಎಂದೋ ಇನ್ನೇನೋ ಎಂದೋ ನಮಗೆ ಕೊನೆಗೂ ಗೊತ್ತಾಗಲಿಲ್ಲ. ಮಾವ ಅದನ್ನು ಪಾಸು ಎಂದೇ ಹಿಡಿದರು. ರುಚಿಯೆಂಬುದು ಮಾತ್ರ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಒಂದಕ್ಕೆ ರುಚಿಯಿದೆ, ಎಳೆಯಿಲ್ಲ. ಇನ್ನೊಂದಕ್ಕೆ ಎಳೆಯಿದೆ, ರುಚಿಯಿಲ್ಲ. ಇವೆರಡನ್ನೂ ಕೂಡಿಸಿದರೆ ಹೇಗೆ ಎಂಬ ಬುದ್ಧಿ ಯಾರಿಗೂ ಹೊಳೆಯದೆ ನಾಲ್ಕಾರು ಭಾನುವಾರ ಕಳೆದವು. ಹೊಳೆದದ್ದು ಅತ್ತೆಗೆ. ಅದೂ ನೇರವಾಗಿ ಹೇಳಲಿಲ್ಲ. "ಸಬ್ಬಕ್ಕಿ ಮಿಕ್ಕದೆ, ಕಡ್ಲೆಕಾಯೂ ಮಿಕ್ಕದೆ, ಎರ್ಡೂ ಒಟ್ಗೆ ರುಬ್ಬಿ ಒಂದ್ ದಿಸ ಹುಳಿ ಬರಾಕ್ ಬುಡ್ಲಾ?" ಎಂದು ಗೋಡೆಯನ್ನು ಕೇಳುವಂತೆ ಕೇಳಿದರು.

ಮುಂದಿನ ಭಾನುವಾರ ಕೊನೆಯ ಪರೀಕ್ಷೆ. ಜಗಲಿಯಲ್ಲಿ ಪೂರಾ ಪಂಚಾಯಿತಿ, ಒಳಗೆ ಒಲೆಯ ಮುಂದೆ ಅತ್ತೆ. ಬ್ರೆಡ್ಡು ಬಂತು. ಮೇಲೆ ಹಳದಿ ತಿರುಗಿದ ಪದಾರ್ಥ ಅಂಚಿನವರೆಗೂ ಕರಗಿ ಕುಳಿತಿತ್ತು. ನಾನು ಕಚ್ಚಿ ಎಳೆದೆ. ಎಳೆ ಬಂತು, ಹದವಾಗಿ ಕಡಿಯಿತು, ಹಲ್ಲೂ ಉಳಿಯಿತು! ಹುಳಿ, ಉಪ್ಪು, ಒಂದಿಷ್ಟು ವಾಸನೆ. ಸೆಕ್ರೆಟರಿ "ಥೂ" ಎಂದು ಇನ್ನೊಂದಕ್ಕೆ ಕೈಚಾಚಿದ. ಬೀಗರು ಹುಷಾರಾಗಿ ಒಂದು ಕಡೆಯಿಂದ ಅಗಿದು, "ಥೂ" ಎಂದು ತಟ್ಟೆ ಖಾಲಿ ಮಾಡಿದರು. ಮಾವ ಎಳೆದು ನೋಡಿ ಎದ್ದು ನಿಂತರು. ಕಾರ್ಖಾನೆಯಲ್ಲಿ ಕೂಡ ಅಷ್ಟು ಖುಷಿಪಟ್ಟಿದ್ದರೋ ಇಲ್ಲವೋ! ಎಲ್ಲರಿಗೂ ಎರಡನೆಯ ಸಲ ಬಡಿಸಿದ್ದಾಯಿತು, ಸೆಕ್ರೆಟರಿಗೆ ಮೂರನೆಯ ಸಲವೂ ಆಯಿತು.

ನನಗೆ ಇನ್ನೂ ಒಂದು ಬೇಕೆನ್ನಿಸಿ ಅಡುಗೆಮನೆಗೆ ಹೋದೆ. ಅತ್ತೆ ಖಾಲಿ ಕಾವಲಿಯನ್ನು ಒಲೆಯಿಂದ ಇಳಿಸುತ್ತಿದ್ದರು.

"ಅತ್ತೆ, ಗೆದ್ದುಬಿಟ್ರಿ! ಮೈಸೂರಿಂದು ಹಾಗೇ ಇತ್ತಾ? ನಿಮಗೆ ಯಾವುದು ಸರಿ ಅನ್ನಿಸ್ತು?"

"ನಂಗೆಲ್ ಉಳೀತಪ್ಪ?" ಎಂದರು ಅತ್ತೆ. ಮುನಿಸಿಲ್ಲ, ದೂರಿಲ್ಲ, ಮಳೆ ಬಂತು ಎನ್ನುವ ಹಾಗೆ ಅಂದರು. "ನೀವೆಲ್ಲಾ ಉಂಡ್ಮ್ಯಾಲೆ ನೋಡನ ಅಂತಿದ್ದೆ. ಒಂದ್ಸಲಾನೂ ಉಳೀನಿಲ್ಲ."

ನಮ್ಮ ಮನೆಗಳಲ್ಲಿ ಹೆಂಗಸರು ಊಟಕ್ಕೆ ಕೂರುವುದು ಕೊನೆಯಲ್ಲಿ. ಅದರಲ್ಲಿ ವಿಚಿತ್ರವಿದೆಯೆಂದು ಅಂದಿನವರೆಗೂ ನಮಗಾರಿಗೂ ಅನ್ನಿಸಿರಲಿಲ್ಲ. ಬೀದಿಯ ಬಾಯೆಲ್ಲ ರುಚಿ ನೋಡಿತ್ತು. ಯಾರ ಆಸೆಗಾಗಿ ಇಷ್ಟೆಲ್ಲ ನಡೆಯಿತೋ ಅವರ ನಾಲಿಗೆಗೆ ಒಂದು ಚೂರೂ ತಾಗಿರಲಿಲ್ಲ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಮಾವ ನಿಂತಿದ್ದರು. ಕೇಳಿಸಿಕೊಂಡಿದ್ದರು. ಸಂತೋಷದಲ್ಲಿ ಬೀಗಿದ್ದ ಆ ಮುಖ ಇಳಿದುಹೋದದ್ದನ್ನು ನೋಡಲಾಗಲಿಲ್ಲ.

ಹೊರಗೆ ಹೋದವರು, "ಎದ್ದೇಳ್ರಪ್ಪ, ಆಯ್ತು" ಎಂದಷ್ಟೇ ಹೇಳಿ ಎಲ್ಲರನ್ನೂ ಕಳಿಸಿದರು. ಒಳಗೆ ಬಂದು ನಡುಮನೆಯಲ್ಲಿ ಮಣೆ ಹಾಕಿ, ಅತ್ತೆಯ ರಟ್ಟೆ ಹಿಡಿದು ಕೂರಿಸಿದರು. "ನಾನ್ ಮಾಡ್ಕತೀನಿ ಬುಡಿ" ಎಂದು ಅತ್ತೆ ಏಳಹೊರಟರೆ, "ಕುಂತ್ಕ ಅಂದೆ" ಎಂದು ಗದರಿಸಿದರು. ಗದರಿಕೆಯಲ್ಲಿ ಜೀವವೇ ಇರಲಿಲ್ಲ. ಆ ಮನುಷ್ಯ ತನ್ನ ಮನೆಯ ಒಲೆ ಹಚ್ಚಿದವರಲ್ಲ. ಗ್ಯಾಸಿನ ಯಾವ ಗುಂಡಿ ತಿರುಗಿಸಬೇಕೆಂದು ತಿಳಿಯದೆ ನನ್ನ ಕಡೆ ನೋಡಿದರು, ಹಚ್ಚಿಕೊಟ್ಟೆ. ಪಾತ್ರೆಯ ಅಂಚಿಗೆ ಅಂಟಿದ್ದನ್ನೆಲ್ಲ ಚಮಚದಲ್ಲಿ ಕೆರೆದು ಕೆರೆದು ಕೂಡಿಸಿ, ಉಳಿದಿದ್ದ ಬ್ರೆಡ್ಡಿನ ತುದಿಗಳ ಮೇಲೆ ಸವರಿದರು. ಒಂದು ಪಕ್ಕ ಸೀದುಹೋಯಿತು. ಅದನ್ನೇ ತಟ್ಟೆಯಲ್ಲಿಟ್ಟು ತಂದು ಅತ್ತೆಯ ಮುಂದಿಟ್ಟರು.

ಗಂಡನ ಎದುರಿಗೆ ಮೊದಲು ಉಣ್ಣುವುದು ಹೇಗೆಂದು ಅತ್ತೆಗೆ ನಾಚಿಕೆ. ಸೆರಗು ಸರಿಮಾಡಿಕೊಂಡು ಸಣ್ಣದಾಗಿ ಕಚ್ಚಿದರು. ಎಳೆ ಬಂತೋ ಇಲ್ಲವೋ, ಮಾವ ಅತ್ತ ನೋಡಲೇ ಇಲ್ಲ. ಅವರ ಕಣ್ಣೆಲ್ಲ ಅತ್ತೆಯ ಮುಖದ ಮೇಲಿತ್ತು.

"ಎಂಗದೆ? ನಿಂಗೆ ಎಂಗಿದ್ರೆ ಇಷ್ಟ ಏಳು. ಅಂಗೇ ಮಾಡನ."

ಅತ್ತೆ ಅಗಿದರು. ನನ್ನನ್ನು ನೋಡಿದರು, ತಟ್ಟೆಯನ್ನು ನೋಡಿದರು. ಪರೀಕ್ಷೆಯಲ್ಲಿ ಓದದ ಪ್ರಶ್ನೆ ಬಂದ ಹಾಗೆ ಕಂಗಾಲಾಗಿದ್ದರು. ಕಣ್ಣು ತುಂಬಿ ಬಂದವು.

"ನಂಗೆಂಗಿರ್ಬೇಕು ಅಂತ ಯಾರೂ ಕೇಳೇ ಇರ್ನಿಲ್ಲ ನೋಡಿ," ಎಂದರು. "ಏನೇಳ್ಬೇಕು ಅಂತ್ಲೇ ತಿಳೀದು."

ಮಾವ ಮಂಡಿಯ ಮೇಲೆ ಕೈಯೂರಿ, ಅತ್ತೆಯ ಮಣೆಯ ಪಕ್ಕದಲ್ಲಿ ಬರಿಯ ನೆಲದ ಮೇಲೆ ಮೆಲ್ಲಗೆ ಕುಳಿತರು.

"ನಿಧಾನ್ಕೆ ಯೋಚ್ನೆ ಮಾಡೆ," ಎಂದರು. "ನಂಗೇನೂ ಅರ್ಜೆಂಟಿಲ್ಲ."