ಮಾಮಾನ ಎಡಗಾಲಿನ ಗಂಟು

ನಮ್ಮ ಮಾಮಾನಿಗೆ ಕಾಲುನೋವು ಇತ್ತು ಎಂದರೆ ತಪ್ಪಾಗುತ್ತದೆ. ಕಾಲುನೋವಿಗೆ ಒಬ್ಬ ಮಾಮಾ ಇದ್ದ. ಅದರ ಊಟ, ನಿದ್ದೆ, ಓಡಾಟ ಎಲ್ಲವನ್ನೂ ಅವನೇ ನೋಡಿಕೊಳ್ಳುತ್ತಿದ್ದ. ನೋವಿನ ವಾಸ ಎಡಗಾಲಿನ ಗಂಟಿನಲ್ಲಿ, ಗೆಜ್ಜೆ ಕಟ್ಟುತ್ತಾರಲ್ಲ, ಆ ಜಾಗದಲ್ಲಿ. ಇಂಥ ನೋವು ಬೇರೆಯವರಿಗೆ ಕಾಲು ಉಳುಕಿದರೆ ಬರುತ್ತದೆ, ಎಲುಬಿಗೆ ಪೆಟ್ಟು ಬಿದ್ದರೆ ಬರುತ್ತದೆ, ಮೈಯಲ್ಲಿ ವಾತ ಸೇರಿದರೆ ಬರುತ್ತದೆ. ಮಾಮಾನಿಗೆ ಬಾವಿಯಿಂದ ಒಂದು ಕೊಡ ನೀರು ತಾ ಎಂದರೆ ಬರುತ್ತಿತ್ತು.

ಅವನಿದ್ದದ್ದು ಕಲಬುರ್ಗಿಯಲ್ಲಿ. ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಒಂದು ತೊಗರಿ ಅಂಗಡಿಯಲ್ಲಿ ಕೆಲಸ. ಚೀಲದಿಂದ ನಾಲ್ಕು ಕಾಳು ತೆಗೆದು, ಕಟುಂ ಎಂದು ಕಡಿದು, ಒಣಗಿದೆಯೋ ಹಸಿಯೋ ಹೇಳಬೇಕು. ದುಡಿಮೆಯೆಲ್ಲ ಹಲ್ಲಿನದು. ಹಾಗಿದ್ದ ಮೇಲೆ ನೋಯಬೇಕಾದದ್ದು ಯಾವುದು, ನೀವೇ ಹೇಳಿ. "ಹಲ್ಲು ದುಡೀತಾವ, ಕಾಲು ನರಳ್ತಾವ. ಭಾರೀ ನ್ಯಾಯ ನಿಂದು" ಎಂದು ನಮ್ಮ ಅವ್ವ ಕಾಡುತ್ತಿದ್ದಳು.

ಅವ್ವ ಅವನ ಒಬ್ಬಳೇ ಅಕ್ಕ, ಕಮಲಾಪುರಕ್ಕೆ ಕೊಟ್ಟ ಹೆಣ್ಣು. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ನಮ್ಮ ಕಡೆ ನಾಗರಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯಬೇಕು. ಕರೆಯಲು ಯಾರೂ ಬಾರದವಳನ್ನು ಬಾವಿಕಟ್ಟೆಯ ಹೆಂಗಸರು ನೋಡುವ ನೋಟವೇ ಬೇರೆ. ಅವ್ವನಿಗೆ ಇದ್ದವನು ಒಬ್ಬನೇ ತಮ್ಮ, ಅವನಿಗೆ ಇದ್ದದ್ದು ಈ ಕಾಲು. ಹೀಗಾಗಿ ಶ್ರಾವಣ ಬಂತೆಂದರೆ ನಮ್ಮ ಮನೆಯಲ್ಲಿ ಒಂದೇ ಚಿಂತೆ: ಈ ವರ್ಷ ಆ ಕಾಲು ಕಲಬುರ್ಗಿ ಬಿಟ್ಟು ಹೊರಡುತ್ತದೋ ಇಲ್ಲವೋ?

ಪ್ರತಿ ವರ್ಷವೂ ಹೊರಡುತ್ತಿತ್ತು ಅನ್ನಿ. ಮೋಟಾರಿನಲ್ಲಿ ಬಂದು, ಕುಂಟುತ್ತ ಓಣಿ ಹಿಡಿಯುತ್ತಿದ್ದ. ಓಣಿಯವರೆಲ್ಲ ಸಾಲುಗಟ್ಟಿ "ಕಾಲು ಹೆಂಗದರೀ?" ಎಂದು ವಿಚಾರಿಸುತ್ತಿದ್ದರು. "ಕೇಳಬ್ಯಾಡ್ರೀ" ಎಂದು ಕಟ್ಟೆಯ ಮೇಲೆ ಕುಳಿತು ಒಂದು ತಾಸು ಹೇಳುತ್ತಿದ್ದ. ಅವ್ವ ಮಾತ್ರ ಎಂದೂ ಕೇಳಿದವಳಲ್ಲ. "ಅಕ್ಕಾ, ನನ್ನ ಕಾಲಿಂದು ಕೇಳಬ್ಯಾಡ" ಎಂದು ಅವನೇ ಶುರು ಮಾಡಿದರೆ, "ಕೇಳಂಗಿಲ್ಲ ಬಾ, ಉಣ್ಣು" ಎಂದುಬಿಡುವಳು. ಊರೆಲ್ಲ ಕೇಳಿದರೂ ಒಡಹುಟ್ಟಿದ ಅಕ್ಕ ಕೇಳಲಿಲ್ಲವಲ್ಲ ಎಂಬುದು ಅವನಿಗೆ ಗಂಟಿಗಿಂತ ದೊಡ್ಡ ನೋವಾಗಿತ್ತು. ಆ ದುಃಖದಲ್ಲೇ ನಮ್ಮೂರಿನ ಕೆಂಪು ಬಾಳೆಹಣ್ಣು ಎಂಟು ತಿನ್ನುತ್ತಿದ್ದ. ಎಲುಬಿಗೆ ಛಲೋ ಅಂತೆ.

ಮದ್ದು ಮಾಡಲಿಲ್ಲ ಎನ್ನುವ ಹಾಗಿಲ್ಲ. ಅರಿಶಿಣ ಸುಣ್ಣ ಕಲಸಿ ಹಚ್ಚಿದರು, ಔಡಲೆಲೆ ಬಿಸಿ ಮಾಡಿ ಕಟ್ಟಿದರು, ಉಪ್ಪಿನ ಗಂಟಿನಿಂದ ಶಾಖ ಕೊಟ್ಟರು. ಒಬ್ಬ ಡಾಕ್ಟರರು ಗಂಟನ್ನು ಅತ್ತಿತ್ತ ಹೊರಳಿಸಿ, ಎಲುಬು ಮುರಿದಿಲ್ಲ, ನಾಲ್ಕು ದಿನ ಕಾಲು ಎತ್ತರಕ್ಕಿಟ್ಟು ವಿಶ್ರಾಂತಿ ಕೊಡು ಎಂದರು. ಮಾಮಾ ನಾಲ್ಕು ವಾರ ಕೊಟ್ಟ. ಅಂಗಡಿಯಲ್ಲಿ ಮೂರು ತೊಗರಿ ಚೀಲ ಒಂದರ ಮೇಲೊಂದು ಒಟ್ಟಿಸಿ, ಮೇಲೆ ಎಡಗಾಲು ಸ್ಥಾಪಿಸಿದ. ಬಂದ ರೈತರು ಮೊದಲು ಕಾಲಿಗೆ ನಮಸ್ಕಾರ ಮಾಡಿ, ಆಮೇಲೆ ಬಗ್ಗಿ ಮಾಮಾನನ್ನು ಹುಡುಕುತ್ತಿದ್ದರು.

ಉಳುಕಿಗೆ ಇನ್ನೊಂದು ರಾಮಬಾಣ ಉಂಟು: ಕಾಲು ಮುಂದಾಗಿ ಹುಟ್ಟಿದವರಿಂದ ಮೂರು ಸಲ ಒದೆಸಿಕೊಳ್ಳುವುದು. ಅಂಥವರನ್ನು ಹುಡುಕಿಕೊಂಡು ಗಂಜೆಲ್ಲ ತಿರುಗಿದ. ನೋಯುವ ಕಾಲಿನಲ್ಲಿ ಅಷ್ಟು ತಿರುಗಿದ್ದು ಹೇಗೆ ಎಂದು ಕೇಳಬೇಡಿ. ಕಡೆಗೆ ನೋಡಿದರೆ ಅವನ ಹೆಂಡತಿ, ನಮ್ಮ ಅತ್ತೆಯೇ, ಕಾಲು ಮುಂದಾಗಿ ಹುಟ್ಟಿದವಳು! ಬಾಗಿಲ ಬಳಿ ನಿಲ್ಲಿಸಿ ಒದೆಯುವ ಶಾಸ್ತ್ರವಾಯಿತು. ಒಂದು, ಎರಡು, ಮೂರು, ನಾಲ್ಕು, ಐದು.

"ಮೂರೇ ಒದಿಯೋದು ಅಲ್ಲೇನು? ಉಳಿದೆರಡು ಯಾಕ ಒದ್ದಿ?"

"ಮೂರು ಕಾಲಬ್ಯಾನಿಗೆ. ಎರಡು ನಿಮಗ" ಎಂದಳು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತ.

ಕೊನೆಗೆ ಒಬ್ಬ ಹಕೀಮರಲ್ಲಿಗೆ ಹೋದ. ಮಾಮಾನ ಉರ್ದು ಅಷ್ಟಕ್ಕಷ್ಟೆ, ಆದರೆ ಕಚೇರಿ ಶಾಲೆ ಎಲ್ಲ ಉರ್ದುವೇ ಆಗಿದ್ದ ಆ ಕಾಲದಲ್ಲಿ ಹಾಗೆಂದು ಒಪ್ಪಿಕೊಳ್ಳುವ ಗಂಡಸು ಯಾರಿದ್ದರು? ಹಕೀಮರು ಗಂಟು ಒತ್ತಿ ನೋಡಿ, ಬಾಯಲ್ಲಿ ಎಲೆ ತುಂಬಿಕೊಂಡೇ "ಮೋಚೀಚ್ ಹೈ ಮಿಯಾಂ, ಮೋಚೀಚ್ ಹೈ" ಎಂದರು. ಮೋಚ್ ಎಂದರೆ ಉಳುಕು. ನಮ್ಮ ಕಡೆಯ ದಖನಿಯಲ್ಲಿ "ಬರೀ ಉಳುಕೇ" ಎನ್ನಲು ಮೋಚೀಚ್ ಎನ್ನುತ್ತಾರೆ. ಮಾಮಾನ ಕಿವಿಗೆ ಬಿದ್ದದ್ದು ಮೋಚಿ, ಅಂದರೆ ಚಪ್ಪಲಿ ಹೊಲಿಯುವವನು. ದೊಡ್ಡ ಹಕೀಮರು, ಎರಡೆರಡು ಸಲ ಹೇಳಿದ್ದಾರೆ, ಏನೋ ಅರ್ಥವಿರಲೇಬೇಕು. ಸೀದಾ ಸ್ಟೇಶನ್ ಬಜಾರಿಗೆ ಹೋಗಿ, ಮರದ ಕೆಳಗೆ ಕುಳಿತಿದ್ದ ಮೋಚಿಯ ಮುಂದೆ ಬರಿಗಾಲು ಚಾಚಿ ಕುಳಿತ.

"ಹಕೀಮರು ಕಳಿಸ್ಯಾರ. ಮದ್ದು ಮಾಡಪ್ಪ."

ಮೋಚಿ ಮುದುಕ ಕಾಲು ನೋಡಲಿಲ್ಲ. ಬಿಟ್ಟಿದ್ದ ಚಪ್ಪಲಿ ಎತ್ತಿ ತಿರುವಿ ನೋಡಿದ. ಹಿಮ್ಮಡಿಯ ಹೊರಅಂಚು ಪೂರ್ತಿ ಸವೆದುಹೋಗಿತ್ತು. "ನಿಮಗೇನೂ ಆಗಿಲ್ರೀ ಧಣೀ, ಚಪ್ಪಲಿಗೆ ಆಗ್ಯಾದ. ಹೆಜ್ಜಿಗೊಮ್ಮೆ ಕಾಲು ಹೊರಗ ವಾಲಾಕತ್ತದ. ಗಂಟು ನೋಯದ ಏನು ಮಾಡ್ತದ?" ಎಂದವನೇ ದಪ್ಪ ತೊಗಲಿನ ತುಂಡು ಬಡಿದು ಕೊಟ್ಟ. ಹೊಸ ತೊಗಲು ಹೆಜ್ಜೆಗೊಮ್ಮೆ ಚರ್ ಚರ್ ಎನ್ನುತ್ತಿತ್ತು. ಎಂಟು ದಿನದಲ್ಲಿ ನೋವು ಪೂರಾ ಹೋಯಿತು. ಇಷ್ಟು ಜನ ಹುಡುಕಿದ್ದ ಕಾರಣ ಚಪ್ಪಲಿಯ ಅಡಿಯಲ್ಲೇ ಇತ್ತು ನೋಡಿ.

ಇನ್ನು ಮಾಮಾ ಖುಷಿಪಟ್ಟಿರಬೇಕು ಎಂದುಕೊಂಡಿರಾ? ಮನೆಯಲ್ಲಿ ಯಾರೋ ತೀರಿಹೋದ ಹಾಗೆ ಕುಳಿತ. ನೋವಿಲ್ಲದ ಮನುಷ್ಯನನ್ನು ಹೇಗಿದ್ದೀ ಎಂದು ಯಾರು ಕೇಳುತ್ತಾರೆ? ಅದಕ್ಕೆ ಕುಂಟುವುದನ್ನು ಬಿಡಲಿಲ್ಲ. ಆ ವರ್ಷದ ಪಂಚಮಿಗೆ ಚರ್ ಚರ್ ಎನ್ನುತ್ತ ಕುಂಟಿಕೊಂಡೇ ಬಂದ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಯಾಕೋ, ಎಡಗಾಲಲ್ಲೇನು ನಿಂದು? ಇವತ್ತ ಬಲಗಾಲು ಕುಂಟಾಕತ್ತೀ?"

"ಬ್ಯಾನಿಗೆ ಎಡಾ ಬಲಾ ತಿಳೀತದೇನು ಅಕ್ಕಾ?" ಎಂದ ಮಾಮಾ. ಅವ್ವ ನಗುತ್ತಲೇ ಕಾಲಿಗೆ ನೀರು ಕೊಟ್ಟಳು.

ಮುಂದಿನ ವರ್ಷ ಗದ್ದಲದ ವರ್ಷ. ನಮ್ಮ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಆಗಲು ಇನ್ನೂ ಒಂದು ತಿಂಗಳಿಗೆ ಮಿಕ್ಕಿತ್ತು. ಮೋಟಾರು ನಿಂತಿದ್ದವು, ರಸ್ತೆಯಲ್ಲಿ ಯಾರು ಎದುರಾದಾರೋ ಎಂದು ಜನ ಹೊಲಕ್ಕೂ ಹೆದರುತ್ತಲೇ ಹೋಗುತ್ತಿದ್ದರು. ಓಣಿಯ ಯಾವ ಹೆಣ್ಣಿಗೂ ತವರಿನಿಂದ ಕರೆ ಬರಲಿಲ್ಲ. "ಇಪ್ಪತ್ತು ಮೈಲಿ ಮ್ಯಾಲ ಅದ. ಅಂಗಡಿಯಿಂದ ಮನೀಗಿ ನಡಿಯಾಕ ನರಳಾಂವ, ಅಂವ ಎಲ್ಲಿ ಬರ್ತಾನ?" ಎಂದು ಅವ್ವ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಹೇಳಿ, ಬಾಗಿಲ ಕಡೆ ನೋಡುತ್ತಿದ್ದಳು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅವ್ವ ಅಳ್ಳು ಹುರಿಯುತ್ತಿದ್ದಳು. ಜೋಳ ಪಟಪಟ ಸಿಡಿಯುತ್ತಿತ್ತು. ಹಿತ್ತಿಲ ಬಾಗಿಲಲ್ಲಿ ನೆರಳು ಕಂಡಿತು. ಮಾಮಾ! ಮೊಣಕಾಲವರೆಗೆ ಕರಿ ಮಣ್ಣು, ಬಗಲಲ್ಲಿ ಒಂದು ಚೀಲ. ಎರಡು ದಿನ ಹೊಲದ ಬದು ಹಿಡಿದು ನಡೆದು ಬಂದಿದ್ದ. ಅವ್ವ ಒಲೆ ಬಿಟ್ಟು ಎದ್ದು ಬಂದಳು.

"ಕರಿಯಾಕ ಬಂದೀನಿ ಅಕ್ಕಾ. ಆದ್ರ ನೀ ಬರಬ್ಯಾಡ, ದಾರಿ ನೆಟ್ಟಗಿಲ್ಲ" ಎಂದು ಚೀಲ ಬಿಚ್ಚಿದ. ಒಳಗೆ ಅವ್ವನ ತಾಯಿ, ನಮ್ಮ ಅಜ್ಜಿ, ಕಟ್ಟಿಕೊಟ್ಟ ಎಳ್ಳುಂಡಿ, ಅದರ ಪಕ್ಕದಲ್ಲಿ ಬಟ್ಟೆ ಸುತ್ತಿದ ಚಪ್ಪಲಿ. ಚರ್ ಚರ್ ಸಪ್ಪಳಕ್ಕೆ ಯಾರಿಗಾದರೂ ಗೊತ್ತಾದೀತೆಂದು ಊರು ದಾಟಿದೊಡನೆ ತೆಗೆದಿಟ್ಟುಕೊಂಡು, ಅಷ್ಟೂ ದಾರಿ ಬರಿಗಾಲಲ್ಲಿ ಬಂದಿದ್ದ.

ಅವ್ವ ತಂಬಿಗೆ ತಂದು ತಾನೇ ಕಾಲು ತೊಳೆದಳು. ಮಣ್ಣು ಹೋದ ಮೇಲೆ ಕಂಡಿತು: ಎಡಗಾಲಿನ ಗಂಟು ಬದನೆಕಾಯಿ ಹಾಗೆ ಊದಿ ನೀಲಿಯಾಗಿತ್ತು. ಬೆರಳು ತಾಗಿದರೆ ಕಾಲು ತಾನಾಗಿ ನಡುಗುತ್ತಿತ್ತು.

"ಎಷ್ಟು ಊದ್ಯಾದೋ ತಮ್ಮಾ. ನೋಯಾಕತ್ತದೇನು?"

ಅವ್ವ ಕೇಳಿದ್ದು ಅದೇ ಮೊದಲು. ಇಡೀ ಜೀವಮಾನ ಆ ಒಂದು ಮಾತಿಗೆ ಕಾದಿದ್ದ ಮಾಮಾ ಕಾಲು ಹಿಂದಕ್ಕೆ ಎಳೆದುಕೊಂಡ.

"ನೋವು ಎಲ್ಲೀದು? ಏನಿಲ್ಲ ತಗಿ. ಅಳ್ಳು ಸೀದಾವು, ನೋಡ್ಹೋಗು" ಎಂದ.

ಇಲ್ಲದ ನೋವನ್ನು ಊರಿಗೆಲ್ಲ ಸಾರಿದವನು ಇದ್ದ ನೋವನ್ನು ಅಕ್ಕನಿಗೂ ಹೇಳಲಿಲ್ಲ. ಅಳ್ಳು ಮಾತ್ರ ನಿಜವಾಗಿಯೂ ಸೀದುಹೋದವು.

ಮರುವರ್ಷ ಗದ್ದಲ ಮುಗಿದು ಮೋಟಾರು ಓಡುತ್ತಿದ್ದವು. ಪಂಚಮಿಗೆ ಎರಡು ದಿನ ಮುಂಚೆ ಓಣಿಯ ಆ ತುದಿಯಿಂದಲೇ ಚರ್ ಚರ್ ಸಪ್ಪಳ ಕೇಳಿಸಿತು. ಮಾಮಾ ಬರುತ್ತಿದ್ದ, ಕುಂಟುತ್ತ, ಅದೂ ಬಲಗಾಲು. ನಾನು ಕಿಸಕ್ಕನೆ ನಕ್ಕೆ. ಅವ್ವ ನನ್ನ ಬೆನ್ನಿಗೊಂದು ಗುದ್ದು ಕೊಟ್ಟು, ತಂಬಿಗೆ ಹಿಡಿದು ಬಾಗಿಲಿಗೆ ಹೋದಳು.

"ಕಾಲು ಭಾಳ ನೋಯಾಕತ್ತದೇನೋ ತಮ್ಮಾ?"

"ಕೇಳಬ್ಯಾಡ ಅಕ್ಕಾ" ಎಂದು ಮಾಮಾ ಖುಷಿಯಿಂದ ಕಟ್ಟೆಯ ಮೇಲೆ ಕುಳಿತ. ಅವ್ವ ಪಕ್ಕದಲ್ಲೇ ಕುಳಿತು ಒಂದು ತಾಸು ಪೂರ್ತಿ ಕೇಳಿದಳು.