ಅಕ್ಕನ ಗುಟ್ಟಿನಿಂದ ಬೆಳೆದ ಆರು ಮಂದಿಗೆ

ಆಪ್ತ ಸಮಾಲೋಚಕರ ಪರಸ್ಪರ ಪರಿಶೀಲನಾ ಬಳಗದ ಆರೂ ಮಂದಿ ಗೌರವಾನ್ವಿತ ಸದಸ್ಯರಿಗೆ,

ಮಾನ್ಯರೇ,

ನನ್ನ ಅಕ್ಕ ಮುಚ್ಚಿದ ಬಾಗಿಲಿನ ಹಿಂದೆ ಅಳುತ್ತಾ ಹೇಳಿಕೊಂಡ ಮಾತನ್ನು ನಿಮ್ಮಲ್ಲೊಬ್ಬರು ಪುರಭವನದಲ್ಲಿ ಇನ್ನೂರು ಜನರ ಮುಂದೆ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಇದನ್ನು ಮೊದಲೇ ಹೇಳಿಬಿಟ್ಟಿದ್ದಕ್ಕೆ ಕ್ಷಮಿಸಬೇಕು. ಕ್ಷೇಮ ಸಮಾಚಾರ ಕೇಳಿದ ಮೇಲೆ ಹೇಳುವುದು ಶಿಷ್ಟಾಚಾರವಾಗಿತ್ತು. ತಾವೆಲ್ಲರೂ ಕ್ಷೇಮವೆಂದು, ತಮ್ಮ ಉಸಿರಾಟ ಹೊಟ್ಟೆಯ ಆಳದಿಂದಲೇ ನಡೆಯುತ್ತಿದೆಯೆಂದು ನಂಬಿದ್ದೇನೆ.

ಈ ಪತ್ರವನ್ನು ಓದುವ ಇತರರಿಗಾಗಿ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ, ಯಾವ ಪ್ಲಾಟ್‌ಫಾರಂನಿಂದ ಎಂದು ಹೇಳುವ ಕೆಲಸ ಮಾಡುತ್ತಾಳೆ. ಹೇಳದೆ ಕೇಳದೆ ಮನೆ ಬಿಟ್ಟುಹೋದ ಭಾವನನ್ನು ಅವಳು ದಿನಕ್ಕೊಮ್ಮೆ, ಮೈಕನ್ನು ಆರಿಸಿದ ಮೇಲೆ, ಅದೇ ಕೆಲಸದ ಧ್ವನಿಯಲ್ಲಿ, ಎಲ್ಲಿದ್ದರೂ ಎರಡನೇ ಪ್ಲಾಟ್‌ಫಾರಂಗೆ ಬರಬೇಕಾಗಿ ವಿನಂತಿಸಿಕೊಳ್ಳುತ್ತಿದ್ದಳು. ಯಾರಿಗೂ ಕೇಳಿಸದ ಈ ಒಂದು ಪ್ರಕಟಣೆಯನ್ನು ಅವಳು ನನಗೂ ಹೇಳಿರಲಿಲ್ಲ, ಅಮ್ಮನಿಗೂ ಹೇಳಿರಲಿಲ್ಲ. ಹೇಳಿದ್ದು ತಮ್ಮ ಬಳಗದ ಹಿರಿಯರಿಗೆ, ಅಂದರೆ ಸದಾ ನೀಲಿ ಶಾಲು ಹೊದೆಯುವ ಕಾರಣ ಊರೆಲ್ಲ ನೀಲಿ ಶಾಲಿನ ಮೇಡಂ ಎಂದು ಕರೆಯುವವರಿಗೆ.

ಮೇಡಂ ಅವರು ತಮ್ಮ ಭಾಷಣದಲ್ಲಿ ಅತ್ಯಂತ ಜವಾಬ್ದಾರಿಯಿಂದ ಅಕ್ಕನ ಹೆಸರನ್ನು ಬದಲಿಸಿದ್ದರು ಎಂಬುದನ್ನು ನಾನು ಮರೆತಿಲ್ಲ. ಆದರೆ ಈ ಊರಿಗಿರುವುದು ಒಂದೇ ಬಸ್ ನಿಲ್ದಾಣ, ನಿಲ್ದಾಣಕ್ಕಿರುವುದು ಒಂದೇ ಮೈಕು, ಮೈಕಿಗಿರುವುದು ಒಬ್ಬಳೇ ಹೆಂಗಸು. ಪರಿಣಾಮವಾಗಿ ಈಗ ಹಣ್ಣಿನ ಗಾಡಿಯವರಿಂದ ಹಿಡಿದು ಕಂಡಕ್ಟರುಗಳವರೆಗೆ ಎಲ್ಲರೂ ಅಕ್ಕನನ್ನು ಆ ಬದಲಿಸಿದ ಹೆಸರಿನಿಂದಲೇ ಕರೆಯುತ್ತಾರೆ. "ಏನಮ್ಮಾ, ಬಂದ್ರಾ ನಿಮ್ಮೋರು? ನಮ್ಮ ಬಸ್ಸಲ್ಲಂತೂ ಇಲ್ಲಪ್ಪ, ಸೀಟ್ ಕೆಳಗೂ ನೋಡ್ದೆ" ಎಂದು ಒಬ್ಬ ಕಂಡಕ್ಟರ್ ಕಿಟಕಿಗೆ ಬಂದು ಹೇಳಿ ಹೋಗುತ್ತಾನೆ. ಯಾರೋ ಪುಣ್ಯಾತ್ಮ ಸೂಟ್‌ಕೇಸು ಹಿಡಿದು ಎರಡನೇ ಪ್ಲಾಟ್‌ಫಾರಂನಲ್ಲಿ ನಿಂತು "ನಾನೇ ಕಣೇ, ಬಂದ್ಬಿಟ್ಟೆ!" ಎಂದು ಕೂಗಿದ. ಅಂದಿನಿಂದ ಮೈಕಿನ ಗುಂಡಿ ಒತ್ತಿದರೆ ಅಕ್ಕನ ಗಂಟಲು ಕಟ್ಟುತ್ತದೆ. ಬಸ್ಸುಗಳು ತಮಗೆ ತಾವೇ ಹೇಳಿಕೊಂಡು ಹೊರಡುತ್ತಿವೆ. ನಿಲ್ದಾಣದ ಮೇಲಧಿಕಾರಿಗಳು ತಿಂಗಳ ಕೊನೆಯವರೆಗೆ ನೋಡುತ್ತಾರಂತೆ, ಆಮೇಲೆ ಯಾವುದೋ ಯಂತ್ರದಲ್ಲಿ ತುಂಬಿಸಿಟ್ಟ ಧ್ವನಿಯನ್ನು ತಂದು ಕೂರಿಸುತ್ತಾರಂತೆ.

ಇಷ್ಟಾದ ಮೇಲೆ ನಾವು ದೂರು ಕೊಡಲು ತಮ್ಮ ಬಳಗಕ್ಕೇ ಬಂದೆವು. ಯಾಕೆ ಬಂದೆವು ಎಂದರೆ, ತಮ್ಮ ಬಳಗದ ತತ್ವವನ್ನು ನಾನು ಮನಸಾರೆ ಒಪ್ಪಿದವಳು. ಬಸ್ ನಿಲ್ದಾಣದ ಪುಸ್ತಕದ ಅಂಗಡಿಯಲ್ಲಿ ಸಿಗುವ ಕಿರುಹೊತ್ತಿಗೆಗಳನ್ನು ಓದಿಯೇ ಬೆಳೆದವಳು ನಾನು; ಮನಸ್ಸಿನ ಕೆಲಸ ಮಾಡುವವರ ತಲೆಯ ಮೇಲೆ ಸೀಲು ಹಿಡಿದ ಅಧಿಕಾರಿ ಕೂರಬಾರದು, ಒಂದೇ ಕೆಲಸ ಮಾಡುವವರು ಒಬ್ಬರನ್ನೊಬ್ಬರು ಕಣ್ಣಲ್ಲಿ ಕಣ್ಣಿಟ್ಟು ಪ್ರಶ್ನಿಸಬೇಕು ಎಂದು ಎಷ್ಟು ಜನರ ಹತ್ತಿರ ವಾದ ಮಾಡಿ ಗಂಟಲು ಹರಿದುಕೊಂಡಿದ್ದೇನೋ ಲೆಕ್ಕವಿಲ್ಲ. "ಅಲ್ಲಿ ದೊಡ್ಡೋರು ಚಿಕ್ಕೋರು ಅಂತಿಲ್ಲ ಕಣಕ್ಕ, ಎಲ್ಲ ವೃತ್ತಾಕಾರ" ಎಂದು ಅಕ್ಕನನ್ನು ಒಪ್ಪಿಸಿ ಎಳೆದುಕೊಂಡು ಬಂದವಳೂ ನಾನೇ.

ವೃತ್ತವೇನೋ ಬಲು ಚೆನ್ನಾಗಿತ್ತು. ಆರು ಕುರ್ಚಿಗಳು, ನಡುವೆ ಒಂದು ಮೇಣದಬತ್ತಿ, ಕೈಯಿಂದ ಕೈಗೆ ಹೋಗುವ ಒಂದು ದಿಂಬು. ದಿಂಬು ಯಾರ ಮಡಿಲಲ್ಲಿದೆಯೋ ಅವರು ಮಾತ್ರ ಮಾತನಾಡಬೇಕು, ಉಳಿದವರು ತಲೆಯಾಡಿಸಬೇಕು ಎಂಬ ನಿಯಮವನ್ನು ಅಂದಿನ ಅಧ್ಯಕ್ಷರು ಓದಿ ಹೇಳಿದರು. ಬಳಗದಲ್ಲಿ ಮೇಲುಕೀಳು ಇರಬಾರದೆಂದು ಅಧ್ಯಕ್ಷ ಸ್ಥಾನ ತಿಂಗಳಿಗೊಬ್ಬರಂತೆ ಸರದಿಯಲ್ಲಿ ಬರುವುದರಿಂದ, ಮತ್ತು ಆ ತಿಂಗಳ ಸರದಿ ನೀಲಿ ಶಾಲಿನ ಮೇಡಂ ಅವರದ್ದಾಗಿದ್ದರಿಂದ, ತಮ್ಮ ಮೇಲಿನ ದೂರಿನ ವಿಚಾರಣೆಯನ್ನು ಅವರೇ ಮೂರು ಬಾರಿ ಗಂಟೆ ಬಾರಿಸಿ ಆರಂಭಿಸಿದರು. ಸರದಿಯನ್ನು ಒಬ್ಬರಿಗಾಗಿ ತಪ್ಪಿಸಿದರೆ ಸಮಾನತೆಗೆ ಭಂಗ ಬರುತ್ತದೆಂದು ತಾವು ಕೊಟ್ಟ ವಿವರಣೆಯನ್ನು ಕೇಳಿ, ಸಮಾನತೆಯನ್ನು ಈ ಮಟ್ಟಕ್ಕೆ ಒಯ್ಯಬಹುದೆಂಬ ಕಲ್ಪನೆಯೇ ಇಲ್ಲದ ನನ್ನ ಕಿರುಹೊತ್ತಿಗೆಗಳ ಬಗ್ಗೆ ನಾಚಿಕೆಪಟ್ಟೆ.

ದಿಂಬು ಹೊರಟಿತು. ಮೊದಲನೆಯವರು ಈ ದೂರನ್ನು ಕೇಳಿ ತಮ್ಮ ಎದೆಯ ಎಡಭಾಗ ಬಿಗಿಯಿತೆಂದರು. ಎರಡನೆಯವರಿಗೆ ಬಾಲ್ಯದಲ್ಲಿ ಗಣಿತದ ಮೇಷ್ಟ್ರು ಬೈದದ್ದು ನೆನಪಾಯಿತು. ಮೂರನೆಯವರು ಮಾತನಾಡದೆ ದಿಂಬನ್ನು ತಬ್ಬಿಕೊಂಡು ಕೂತರು, ಅದನ್ನೂ ನಡಾವಳಿಯಲ್ಲಿ ಬರೆದುಕೊಳ್ಳಲಾಯಿತು. ಮೇಡಂ ಅವರ ಮಡಿಲಲ್ಲಿ ಅದು ನಲವತ್ತು ನಿಮಿಷ ಇತ್ತು. ದೂರಿಗೆ ಗುರಿಯಾಗುವುದು ಎಂಥ ಒಂಟಿತನ ಎಂದು ಹೇಳುತ್ತಾ ಅವರು ಅತ್ತಾಗ ಉಳಿದ ಐವರೂ ಎದ್ದುಹೋಗಿ ಅವರ ಭುಜ ಸವರಿದರು. ಗೋಡೆಯ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲಿದ್ದ ನನ್ನ ಅಕ್ಕನೂ, ಅಭ್ಯಾಸಬಲದಿಂದ, ತನ್ನ ಕರವಸ್ತ್ರವನ್ನು ಅವರಿಗೆ ಕೊಟ್ಟಳು. ದಿಂಬು ಮಾತ್ರ ಅವಳ ಹತ್ತಿರ ಬರಲಿಲ್ಲ. ನಾನು ಕೇಳಿದ್ದಕ್ಕೆ, ಅದು ಸಮಾನ ವೃತ್ತಿಯವರಿಗೆ ಮಾತ್ರ ಎಂದು ತಾವು ಬಹಳ ಮೆತ್ತಗೆ ತಿಳಿಸಿದಿರಿ. ಬೆಳಗಿನಿಂದ ಒಂದೇ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡು ಬಂದಿದ್ದ ಅಕ್ಕ ಅದನ್ನು ನುಂಗಿಕೊಂಡು ಮನೆಗೆ ಬಂದಳು. ಆ ವಾಕ್ಯ ಇಷ್ಟೇ: "ಮೇಡಂ, ಅದನ್ನ ಇನ್ಯಾರ ಮುಂದೇನೂ ಹೇಳ್ಬೇಡಿ."

ವಾರದ ನಂತರ ತಮ್ಮ ತೀರ್ಮಾನ ಅಂಚೆಯಲ್ಲಿ ಬಂತು. ದೂರುದಾರರ ಧೈರ್ಯಕ್ಕೆ ಬಳಗ ಕೃತಜ್ಞವಾಗಿದೆ, ಸಂಬಂಧಪಟ್ಟ ಸದಸ್ಯರು ಈ ಅನುಭವದಿಂದ ಬಹಳ ಬೆಳೆದಿದ್ದಾರೆ, ಆದ್ದರಿಂದ ದೂರು ಮುಗಿದಿದೆ. ಜೊತೆಯಲ್ಲೊಂದು ಕರಪತ್ರವಿತ್ತು. ಈ ಶನಿವಾರ ಅದೇ ಪುರಭವನದಲ್ಲಿ ಮೇಡಂ ಅವರ ಹೊಸ ಉಪನ್ಯಾಸವಂತೆ: ನನ್ನ ಒಂದು ತಪ್ಪು ನನಗೆ ಕಲಿಸಿದ್ದು. ಗುಟ್ಟನ್ನು ಹೇಗೆ ಹೇಳಬಾರದು ಎಂಬುದನ್ನು ಅವರು ಬಸ್ ನಿಲ್ದಾಣದ ಮಹಿಳೆಯೊಬ್ಬರ ಉದಾಹರಣೆಯೊಂದಿಗೆ ಮೊದಲಿನಿಂದ ಕೊನೆಯವರೆಗೆ ವಿವರಿಸಲಿದ್ದಾರೆ. ಹೆಸರನ್ನು ಈ ಸಲ ಎರಡು ಬಾರಿ ಬದಲಿಸಲಾಗಿದೆಯಂತೆ.

ಮಾನ್ಯರೇ, ಇಂಥ ವ್ಯವಸ್ಥೆ ತಮ್ಮ ಆರು ಕುರ್ಚಿಗಳಿಗೆ ಸೀಮಿತವಾಗಿರುವುದು ಊರಿಗಾಗುತ್ತಿರುವ ಅನ್ಯಾಯ. ನಿಲ್ದಾಣದ ಬಸ್ಸುಗಳ ಬ್ರೇಕುಗಳನ್ನೂ ಇನ್ನು ಮುಂದೆ ಮೆಕ್ಯಾನಿಕ್ಕುಗಳು ಮುಟ್ಟದಿರಲಿ. ಬಸ್ಸುಗಳೇ ಶೆಡ್ಡಿನಲ್ಲಿ ದುಂಡಗೆ ನಿಂತು, ಬ್ರೇಕು ಹಿಡಿಯದ ಬಸ್ಸಿನ ಅಧ್ಯಕ್ಷತೆಯಲ್ಲಿ ಹಾರ್ನು ಹೊಡೆದುಕೊಂಡು ಪರಸ್ಪರ ಸಮಾಧಾನ ಮಾಡಿಕೊಳ್ಳಲಿ. ಗಾಲಿಯಡಿ ಸಿಕ್ಕವರಿಗೆ, ತಮ್ಮಿಂದಾಗಿ ಬಸ್ಸು ಎಷ್ಟು ಬೆಳೆಯಿತೆಂದು ಕಾಗದ ಹೋಗಲಿ. ಹಲ್ಲಿನ ವೈದ್ಯರು ತಪ್ಪು ಹಲ್ಲು ಕಿತ್ತಾಗ ಉಳಿದ ಹಲ್ಲಿನ ವೈದ್ಯರೆಲ್ಲ ಬಂದು ಅವರ ದವಡೆ ನೀವಲಿ. ಇದಕ್ಕೆಲ್ಲ ಬೇಕಾಗುವ ದಿಂಬುಗಳನ್ನು ಹೊಲಿದುಕೊಡಲು ನಾನೇ ಸಿದ್ಧಳಿದ್ದೇನೆ.

ಅಷ್ಟು ದೊಡ್ಡ ಸುಧಾರಣೆಗೆ ಕಾಲ ಬೇಕಾದೀತು. ಸದ್ಯಕ್ಕೆ ನಾವು ಕೇಳುವುದು ಸಣ್ಣದು. ಶನಿವಾರದ ಉಪನ್ಯಾಸ ನಡೆಯಬಾರದು. ಮತ್ತು ಬಳಗದಲ್ಲಿ ಏಳನೇ ಕುರ್ಚಿಯೊಂದನ್ನು ಹಾಕಬೇಕು. ಅದರಲ್ಲಿ ಸಮಾಲೋಚಕರಲ್ಲದ, ಎದುರು ಬದಿಯ ಕುರ್ಚಿಯಲ್ಲಿ ಕೂತು ಗೊತ್ತಿರುವ ಯಾರಾದರೂ ಕೂರಬೇಕು, ಆ ದಿಂಬು ಅವರ ಮಡಿಲಿಗೂ ಹೋಗಬೇಕು. ಅಧಿಕಾರಿಯ ಸೀಲು ಬೇಡವೆಂದು ನಾನು ಈಗಲೂ ಹೇಳುತ್ತೇನೆ. ಆದರೆ ನಿಮ್ಮ ಕೈಯಲ್ಲಿ ತನ್ನ ಮನಸ್ಸನ್ನು ಬಿಚ್ಚಿಟ್ಟವಳು ನಿಮಗೆ ಸಮಾನಳಲ್ಲವಾದರೆ, ಆ ವೃತ್ತ ಹೊರಗಿನವರು ಒಳಗೆ ಬಾರದಂತೆ ಬೆನ್ನು ಹಾಕಿ ಕೂತ ಆರು ಜನ, ಅಷ್ಟೇ.

ತಮ್ಮ ಬೆಳವಣಿಗೆಯನ್ನು ಇನ್ನಷ್ಟು ಬಯಸುವ, ತಮ್ಮ ವಿಶ್ವಾಸಿ,
ದೂರುದಾರಳ ತಂಗಿ

ಮರೆತ ಮಾತು: ಈ ಪತ್ರದ ಪ್ರತಿ ಮಾಡಿಸಲು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಅಂಗಡಿಯಾಕೆ ಮೊದಲ ಪುಟ ಓದಿ ಯಂತ್ರ ನಿಲ್ಲಿಸಿದರು. "ಹೋದ್ವರ್ಷ ಮೇಡಂ ಭಾಷಣದಲ್ಲಿ ಬೆಕ್ಕಿನ ಹತ್ರ ಕ್ಷಮೆ ಕೇಳೋ ಹೆಂಗಸು ಅಂತ ಬಂದಿತ್ತಲ್ಲ, ಅದು ನಾನೇ ಕಣಮ್ಮ. ನನ್ನೂ ಸೇರಿಸ್ಕೋ" ಎಂದರು. ಅವರ ಪಕ್ಕದ ಹೊಲಿಗೆಯವರದ್ದೂ ಒಂದಿದೆಯಂತೆ. ಹೀಗಾಗಿ ಈಗ ನಾವೂ ಒಂದು ಬಳಗ. ಸದಸ್ಯರ ಹೆಸರುಗಳನ್ನು ಬದಲಿಸಿಲ್ಲ. ನಮ್ಮ ಮೊದಲ ಸಭೆಗೆ ತಾವು ಆರೂ ಮಂದಿ ಬರಬೇಕು, ಕುರ್ಚಿಗಳಿವೆ, ಅಕ್ಕನೇ ಮೊದಲು ಮಾತನಾಡುತ್ತಾಳೆ. ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ, ಉಪನ್ಯಾಸದ ಹಿಂದಿನ ದಿನ, ಶುಕ್ರವಾರ ಸಂಜೆ ಸರಿಯಾಗಿ ಐದೂವರೆಗೆ.