ಎಸ್ಟೋನಿಯಾದ ಬೀಗರಿಗೆ ಹಯಗ್ರೀವ ಬಡಿಸಿದ್ದು

ನಮ್ಮ ಮನೆಯಲ್ಲಿ ಇಂಥದ್ದೇನಾದರೂ ನಡೆಯದೆ ಒಂದು ವಾರ ಕಳೆದರೆ, ಯಾರಿಗಾದರೂ ಹುಷಾರಿಲ್ಲವೇನೋ ಎಂದು ನನಗೆ ಅನುಮಾನ ಬರುತ್ತದೆ. ಈ ಸಲದ್ದು ಮಗಳ ಮದುವೆಯ ವಿಷಯ. ಇಂಗ್ಲೆಂಡಿನ ಲಫ್‌ಬರೋದಲ್ಲಿ ಎಂಜಿನಿಯರಿಂಗ್ ಓದುವಾಗ ಅವಳು ಮೆಚ್ಚಿದ ಹುಡುಗ ಎಸ್ಟೋನಿಯಾದವನು. ಆ ದೇಶ ಎಲ್ಲಿದೆಯೆಂದು ನಾನು ಮ್ಯಾಪಿನಲ್ಲಿ ಹುಡುಕುವಷ್ಟರಲ್ಲಿ ಅವನ ಅಪ್ಪ ಅಮ್ಮ ಇಲ್ಲಿಗೇ ಬಂದಿಳಿದಿದ್ದರು.

ನಾನೂ ನನ್ನ ಗಂಡನೂ ಒಪ್ಪಿಯಾಗಿತ್ತು. ಬಾಕಿ ಇದ್ದದ್ದು ನಮ್ಮತ್ತೆ. ಉಡುಪಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, ಈಗ ಶೆಫೀಲ್ಡಿನ ನಮ್ಮ ಮನೆಯನ್ನೇ ತರಗತಿ ಮಾಡಿಕೊಂಡವರು. ಅಜ್ಜಿ ಹೂಂ ಅನ್ನದೆ ಮದುವೆ ಹಾಲ್ ಬುಕ್ ಮಾಡುವುದಿಲ್ಲವೆಂದು ಮಗಳು ಹಟ ಹಿಡಿದಿದ್ದಳು.

ಕೇಕು

ಮೊದಲ ಭೇಟಿ ಲಫ್‌ಬರೋದಲ್ಲಿ, ಹುಡುಗನ ಬಾಡಿಗೆ ಮನೆಯಲ್ಲಿ. ಬೀಗಿತಿ ತಾವೇ ಮಾಡಿದ ಏಲಕ್ಕಿ ಕೇಕು ತಂದು ಅತ್ತೆಯ ಮುಂದೆ ಹಿಡಿದರು.

"ತಗೋತೀರಾ?"

ಅತ್ತೆ ಮರ್ಯಾದೆಗೆ "ಬೇಡ ಬೇಡ" ಎಂದರು. ನಮ್ಮಲ್ಲಿ ಅದರ ಅರ್ಥ, ಇನ್ನೊಮ್ಮೆ ಒತ್ತಾಯ ಮಾಡಿ ಎಂದು. ಬೀಗಿತಿ ಸರಿ ಎಂದು ತಲೆಯಾಡಿಸಿದರು. ಬಂದ ದಾರಿಗೆ ಸುಂಕವಿಲ್ಲವೆಂದು ಕೇಕು ಅಡುಗೆಮನೆಗೆ ವಾಪಸಾಯಿತು.

ಕಾರಿನಲ್ಲಿ ಅತ್ತೆ ಸ್ಫೋಟಿಸಿದರು. "ಎಂತ ಜನ ಮಾರಾಯ್ತಿ! ಬೇಡ ಅಂದ್ರೆ ತೆಗೊಂಡೇ ಹೋಗುವುದಾ?"

"ಅಜ್ಜಿ, ಅಲ್ಲಿ ನೋ ಅಂದ್ರೆ ನೋ. ಮತ್ತೆ ಕೇಳೋದು ರೂಡ್" ಎಂದಳು ಮಗಳು.

ಅತ್ತೆ ಕಿಟಕಿಯ ಕಡೆ ತಿರುಗಿ ಗೊಣಗಿದರು. "ಏಲಕ್ಕಿ ಪರಿಮಳ ಮಾತ್ರ ಲಾಯ್ಕಿತ್ತು."

ಇಬ್ಬರು ಮೌನಿಗಳು

ಹೊಟ್ಟೆ ಹಿಡಿದುಕೊಂಡು ಬಂದೂ "ನಾಟ್ ಟೂ ಬ್ಯಾಡ್" ಎನ್ನುವ ಯಾರ್ಕ್‌ಶೈರಿನ ಮುದುಕರ ಬಾಯಿ ಬಿಡಿಸುವ ಜಿಪಿ ಡಾಕ್ಟರು ನಾನು. ಎರಡನೆಯ ಭೇಟಿಗೆ ನಮ್ಮ ಮನೆಗೆ ಬಂದ ಬೀಗರ, ಅಂದರೆ ಹುಡುಗನ ಅಪ್ಪನ, ಮುಂದೆ ಮಾತ್ರ ಸೋತೆ. ನಾನೇನು ಕೇಳಿದರೂ "ಯೆಸ್", ಇಲ್ಲವೇ "ನೋ".

ಕೊನೆಗೆ ಅವರನ್ನು ನನ್ನ ಗಂಡನ ಜೊತೆ ಹಿತ್ತಲಿನ ಬೆಂಚಿನಲ್ಲಿ ಕೂರಿಸಿದೆ. ಇವರು ಅನಸ್ತೀಷಿಯಾ ಡಾಕ್ಟರು, ಎದುರಿಗಿದ್ದವರು ಮಾತಾಡದಿದ್ದರೇ ಇವರಿಗೆ ಸಮಾಧಾನ. ಗಂಟೆ ಕಳೆದ ಮೇಲೆ ಇಬ್ಬರೂ ನಗುತ್ತಾ ಒಳಗೆ ಬಂದರು.

"ಏನು ಮಾತಾಡಿದ್ರಿ?"

"ಏನೂ ಇಲ್ಲ. ತುಂಬ ಒಳ್ಳೆ ಮನುಷ್ಯ ಕಣೇ!"

ಆ ಕಡೆ ಬೀಗರೂ ಮಗನಿಗೆ ಹೇಳಿದರಂತೆ: "ಇಂಗ್ಲೆಂಡಿನಲ್ಲಿ ಹವಾಮಾನದ ಸುದ್ದಿ ಎತ್ತದ ಒಬ್ಬ ಮನುಷ್ಯ ಸಿಕ್ಕಿದ, ಸದ್ಯ."

ಅತ್ತೆಗೆ ಇದು ಹಿಡಿಸಲಿಲ್ಲ. "ನನ್ನೊಟ್ಟಿಗೆ ನಾಲ್ಕು ಮಾತಾಡದವರ ಮನೆಗೆ ಮೊಮ್ಮಗಳನ್ನು ಕೊಡುವುದು ಹೇಗೆ? ನಾಳೆ ಅವಳಿಗೆ ಮಾತಿಗೆ ಗೋಡೆಯೇ ಗತಿ" ಎಂದರು. ಮಗಳ ಮುಖ ಬಾಡಿತು. ನನಗೂ ಸಂಕಟವಾಯಿತು, ಏಕೆಂದರೆ ಅತ್ತೆಯ ಹೆದರಿಕೆ ಸುಳ್ಳು ಎನ್ನಲು ನನ್ನ ಬಳಿ ಸಾಕ್ಷಿ ಇರಲಿಲ್ಲ.

ಬಾಗಿಲಲ್ಲಿ

ನಮ್ಮವರು ಹೊರಟೆವೆಂದರೆ ಅರ್ಧ ಮಾತು ಬಾಗಿಲಲ್ಲೇ ಶುರುವಾಗುತ್ತದೆ. ಎಸ್ಟೋನಿಯಾದವರು ಬೈ ಎಂದರೆ ಮುಗಿಯಿತು, ಹೊರಟರು. ಅಂದು ಅತ್ತೆ ಒಳಗಿಂದ ಮಿಡಿ ಉಪ್ಪಿನಕಾಯಿ ಬಾಟಲಿ ತರುವಷ್ಟರಲ್ಲಿ ಬೀದಿ ಖಾಲಿ. ಮೊಣಕಾಲು ನೋವೆಂದು ಬಸ್ ಸ್ಟಾಪಿಗೂ ನಡೆಯದ ಅತ್ತೆ ನಮ್ಮ ಬಡಾವಣೆ ಬ್ರೂಮ್‌ಹಿಲ್‌ನ ಇಳಿಜಾರಿನಲ್ಲಿ ಸೀರೆ ಎತ್ತಿಕೊಂಡು ಓಡಿ, ಸಿಗ್ನಲ್ಲಿನಲ್ಲಿ ನಿಂತಿದ್ದ ಕಾರಿನ ಕಿಟಕಿಯೊಳಗೆ ಬಾಟಲಿ ತುರುಕಿಯೇ ಬಂದರು.

"ಏನಂದ್ರು ಬೀಗರು?" ಎಂದೆ.

"ಎಂತ ಹೇಳುವುದು? ತಲೆ ಆಡಿಸಿದ್ರು. ಆದ್ರೆ ಜೋರಾಗಿ ಆಡಿಸಿದ್ರು."

ಮೂರನೆಯ ಸಲ

ಅವರು ಊರಿಗೆ ಹೊರಡುವ ಮುಂಚಿನ ಭಾನುವಾರ ನಮ್ಮಲ್ಲಿ ಊಟ. ಬೀಗಿತಿ ಮತ್ತೆ ಏಲಕ್ಕಿ ಕೇಕು ತಂದಿದ್ದರು. ಅವರು "ತಗೋ..." ಎನ್ನುವಷ್ಟರಲ್ಲಿ ಅತ್ತೆ "ಕೊಡಿ" ಎಂದು ಎರಡು ತುಂಡು ಎತ್ತಿಕೊಂಡರು. ಪಾಠ ಕಲಿತಾಗಿತ್ತು.

ಆಮೇಲೆ ಅತ್ತೆಯ ಹಯಗ್ರೀವ ಬಂತು. ಕಡಲೆಬೇಳೆ, ಬೆಲ್ಲ, ತುಪ್ಪ. ಅದರ ಘಮಕ್ಕೆ ಪಕ್ಕದ ಮನೆಯವರೂ ಬೇಲಿಯಾಚೆಯಿಂದ ಇಣುಕಿದ್ದುಂಟು. ಅತ್ತೆ ಪಾತ್ರೆ ಹಿಡಿದು ಬೀಗರನ್ನು ಕೇಳಿದರು.

"ನೋ, ಥ್ಯಾಂಕ್ಯೂ."

ಅತ್ತೆ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ನೋ ಅಂದರೆ ನೋ. ಬೇರೆಯವರಿಗೆಲ್ಲ ಬಡಿಸಿ, ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೊರಟರು. ಬೀಗರ ಕಣ್ಣು ಪಾತ್ರೆಯ ಹಿಂದೆಯೇ ಹೋಯಿತು. ಮುಖ ಕೆಂಪಾಯಿತು. ಕುರ್ಚಿ ಹಿಂದೆ ತಳ್ಳಿ ಎದ್ದೇ ನಿಂತರು.

"ಅಮ್ಮಾ, ದಯವಿಟ್ಟು ನಿಲ್ಲಿ! ನಾನು ಒಂದು ಸಲ ಮಾತ್ರ ಬೇಡ ಅಂದಿದ್ದು. ನೀವು ಇನ್ನೂ ಎರಡು ಸಲ ಕೇಳಬೇಕು. ನಿಮ್ಮಲ್ಲಿ ಹಾಗೇ ಅಂತ ಮಗ ಕಲಿಸಿದ್ದಾನೆ. ಮೂರನೇ ಸಲಕ್ಕೆ ಒಪ್ಪಿಕೊಳ್ಳೋದನ್ನ ದಾರಿಯುದ್ದಕ್ಕೂ ಪ್ರಾಕ್ಟೀಸ್ ಮಾಡಿಕೊಂಡು ಬಂದಿದ್ದೀನಿ!"

ಹುಡುಗ ಬಾಯಿ ಬಿಟ್ಟುಕೊಂಡು ಹೇಳಿದ: "ಅಪ್ಪ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನ ನಾನು ಹುಟ್ಟಿದಾಗಿನಿಂದ ಕೇಳಿಲ್ಲ."

ಅತ್ತೆ ಸೌಟು ಹಿಡಿದು ವಾಪಸು ಬಂದರು.

"ಬೇಕಾ?"

"ನೋ."

"ಬೇಕಾ?"

ಬೀಗರು ತಟ್ಟೆಯನ್ನೇ ಮುಂದೆ ಚಾಚಿದರು. ಅತ್ತೆ ಪಾತ್ರೆಯ ಅರ್ಧ ಸುರಿದು, ಸೌಟು ಕೆಳಗಿಡದೆಯೇ ಮೊಮ್ಮಗಳ ಕಡೆ ತಿರುಗಿದರು.

"ಇನ್ನೂ ಎಂತ ನೋಡುವುದು ಮಗಾ? ಹಾಲ್ ಬುಕ್ ಮಾಡು. ನನ್ನನ್ನು ಮೂರು ಸಲ ಕೇಳುವುದು ಬೇಡ!"